ಹಲ್ಲು ಮಿಸ್

ಜೂನ್ 9, ಸೋಮವಾರ

ದಿನಕ್ಕೊಂದು ಪುಟವನ್ನಾದರೂ ಬಲಗೈಯಲ್ಲೇ ಬರೆಯಬೇಕೆಂದು ಕೈಗೆ ವ್ಯಾಯಾಮ ಮಾಡಿಸುವವಳ ಅಪ್ಪಣೆ. ಏನು ಬರೆಯಲಿ ಎಂದು ಕೇಳಿದೆ. "ಏನಾದ್ರೂ ಬರೀರಿ. ಓದೋಕೆ ನಾನೇನು ಬರಲ್ಲ" ಅಂದಳು. ಅದಕ್ಕೇ ಈ ಪುಸ್ತಕ. ಅಕ್ಷರಗಳು ಕುಡಿದು ಬಂದವರ ಹಾಗೆ ವಾಲುತ್ತಿವೆ. ವಾಲಲಿ, ಬೀಳದಿದ್ದರೆ ಸಾಕು.

ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದದ್ದು ಚಳಿಗಾಲದಲ್ಲಿ. ಮೂಳೆ ಕೂಡಿಕೊಂಡಿತು. ಹೆಬ್ಬೆರಳು, ತೋರುಬೆರಳಿಗೆ ಮಾತ್ರ ಇನ್ನೂ ಹಿಡಿತವಿಲ್ಲ. ಇಷ್ಟು ವರ್ಷ ಹಲ್ಲು ಕಿತ್ತು, ತುಂಬಿ, ಕಟ್ಟಿ ಬದುಕಿದ ಕೈ ಈಗ ನೀರಿನ ಲೋಟ ಎತ್ತಿದರೂ ನಡುಗುತ್ತದೆ. ಕೈ ಬಿದ್ದುಹೋದ ಹಲ್ಲಿನ ಡಾಕ್ಟರ್ ಎಂದರೆ ಹಲ್ಲು ಕಿತ್ತ ಹಾವು. ಕ್ಲಿನಿಕ್ಕಿನಲ್ಲಿ ನನ್ನ ಪಾಲಿನ ರೋಗಿಗಳನ್ನೂ ತಂಗಿಯೇ ನೋಡುತ್ತಿದ್ದಾಳೆ. ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡಿ, ತಿಳಿವಳಿಕೆ ಹೇಳುವವರು ಬೇಕೆಂದು ದಂತವೈದ್ಯರ ಸಂಘದವರು ಕೇಳಿದಾಗ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟವಳೂ ಅವಳೇ. "ಮನೇಲಿ ಕೂತು ನನ್ನ ತಲೆ ತಿನ್ನೋ ಬದಲು ಅಲ್ಲಿ ಹೋಗಿ ತಿನ್ನಕ್ಕ" ಎಂದಳು.

ಇವತ್ತು ಹೋದೆ. ಮಾಳಿಗೆ ಮೆಟ್ಟಿಲ ಕೆಳಗಿನ ಕೋಣೆ ಕೊಟ್ಟಿದ್ದಾರೆ. ಕಾಲು ಮುರಿದ ಬೆಂಚುಗಳು, ಹಳೆಯ ಭೂಪಟಗಳು, ಒಂದು ಕಿಟಕಿ. ಮೇಲೆ ಮಕ್ಕಳು ಓಡಿದರೆ ತಲೆಯ ಮೇಲೆ ಕಲ್ಲು ಉರುಳಿದ ಹಾಗೆ ಸದ್ದು. ಎರಡನೇ ತರಗತಿಗೆ ಹಲ್ಲಿನ ಪದರಗಳ ಚಿತ್ರ ತೂಗುಹಾಕಿ ಪಾಠ ಮಾಡಿದೆ. ಮುಂದಿನ ಸಾಲಿನ ಹುಡುಗ ಆಕಳಿಸಿದ. ಅವನ ಹುಳುಕು ಹಲ್ಲುಗಳೆಲ್ಲ ಕಂಡವು. ಅಷ್ಟೇ ಲಾಭ.

ಶಾಲೆಯ ಈ ಅವಧಿ ಮುಗಿಯುವುದರೊಳಗೆ ಕೈ ಸರಿಮಾಡಿಕೊಂಡು ಕ್ಲಿನಿಕ್ಕಿನ ನನ್ನ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಇದು ನಿಶ್ಚಯ.

ಜೂನ್ 12, ಗುರುವಾರ

ಬೆಳಿಗ್ಗೆ, ಸಂಜೆ ರಬ್ಬರ್ ಚೆಂಡು ಹಿಸುಕಿದೆ. ಬಟ್ಟೆಗೆ ಹಾಕುವ ಕ್ಲಿಪ್ಪನ್ನು ತೆರೆದು ಮುಚ್ಚಿದೆ. ಹೆಬ್ಬೆರಳು ಇವತ್ತು ಸ್ವಲ್ಪ ಹೆಚ್ಚು ಹೊತ್ತು ತಡೆದುಕೊಂಡಿತು.

ಶಾಲೆಯಲ್ಲಿ ಯಾರೋ ನನಗೆ "ಹಲ್ಲು ಮಿಸ್" ಎಂದು ಹೆಸರಿಟ್ಟಿದ್ದಾರೆ. ನಾನು ಮಿಸ್ ಅಲ್ಲ, ಡಾಕ್ಟರ್ ಎಂದು ತಿದ್ದಿದೆ. "ಆಯ್ತು, ಹಲ್ಲು ಡಾಕ್ಟರ್ ಮಿಸ್" ಎಂದರು.

ಜೂನ್ 18, ಬುಧವಾರ

ಚಿತ್ರಗಳನ್ನು ಸುತ್ತಿ ಮೂಲೆಗಿಟ್ಟೆ. ಅಮ್ಮನಿಗೆ ಹೊಸ ಹಲ್ಲುಸೆಟ್ಟು ಮಾಡಿಸಿದ ಮೇಲೆ ಹಳೆಯದು ಕಪಾಟಿನಲ್ಲೇ ಇತ್ತು. ಅದನ್ನು ಕೇಳಿದೆ.

"ಏನಕ್ಕೇ?"

"ಶಾಲೆಗೆ ಬೇಕು."

ಅಮ್ಮ ಡಬ್ಬಿ ಕೊಡುತ್ತಾ, "ನೋಡು, ನಾನಂತೂ ಶಾಲೆ ಮುಖ ನೋಡ್ಲಿಲ್ಲ. ನನ್ನ ಹಲ್ಲಾದ್ರೂ ಹೋಗಿ ನಾಲ್ಕಕ್ಷರ ಕಲೀಲಿ" ಅಂದಳು.

ತರಗತಿಯಲ್ಲಿ ಡಬ್ಬಿ ತೆರೆದದ್ದೇ ತಡ, ಬೆಂಚುಗಳೆಲ್ಲ ಖಾಲಿ. ಎಲ್ಲರೂ ನನ್ನ ಸುತ್ತ. ಇದು ಯಾರದು, ಅವರು ಸತ್ತುಹೋದರಾ, ಈಗ ಅವರು ಹೇಗೆ ಊಟ ಮಾಡುತ್ತಾರೆ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ. ಒಂದೊಂದು ಜೋಡಿಗೆ ಬ್ರಷ್ ಕೊಟ್ಟು ಸೆಟ್ಟನ್ನು ಉಜ್ಜಲು ಬಿಟ್ಟೆ. ಹೊರಗಿನ ಮೈ, ಒಳಗಿನ ಮೈ, ಅಗಿಯುವ ಮೈ. ಮೊದಲು ಎಲ್ಲರೂ ಮುಂದಿನ ಹಲ್ಲುಗಳನ್ನಷ್ಟೇ ಗಸಗಸ ತಿಕ್ಕಿ ವಾಪಸು ಕೊಟ್ಟರು. ಅಂದರೆ ಮನೆಯಲ್ಲೂ ಅಷ್ಟೇ ಮಾಡುವುದು. ಹಿಂದಿನ ದವಡೆಯಲ್ಲಿ ನಾನು ಮೊದಲೇ ಮೆತ್ತಿಟ್ಟಿದ್ದ ಹಿಟ್ಟನ್ನು ತೋರಿಸಿದೆ. "ಅಯ್ಯೋ, ಅಲ್ಲೂ ಹಲ್ಲಿದೆ" ಎಂದ ಆಕಳಿಕೆಯ ಹುಡುಗ.

ಒಬ್ಬಳು ಮಾತ್ರ ಎದ್ದು ಬರಲಿಲ್ಲ. ಕೊನೆಯ ಬೆಂಚು, ತುಟಿ ಬಿಗಿದ ಪುಟ್ಟ ಹುಡುಗಿ. ಬಾಯಿಯ ಪರೀಕ್ಷೆಗೂ ಅವಳೊಬ್ಬಳೇ ಒಪ್ಪಿರಲಿಲ್ಲ. ಹೆಸರು ಕೂಗಿದರೆ ಹಾಜರಿಯನ್ನೂ ಕೈ ಎತ್ತಿಯೇ ಹೇಳುತ್ತಾಳೆ. ಹುಡುಗರು ಅವಳನ್ನು "ಬೀಗ" ಎಂದು ಕರೆಯುತ್ತಾರಂತೆ. ತರಗತಿಯ ಟೀಚರು ನನ್ನ ಕಿವಿಯಲ್ಲಿ, "ಸ್ವಲ್ಪ ಮಂದ, ಡಾಕ್ಟ್ರೇ. ಅವಳನ್ನ ಬಿಟ್ಬಿಡಿ" ಎಂದರು.

ಚೆಂಡು ಹಿಸುಕಿದ್ದು ಸಂಜೆ ಮಾತ್ರ.

ಜೂನ್ 24, ಮಂಗಳವಾರ

ಮಧ್ಯಾಹ್ನ ಊಟದ ನಂತರ ಎಲ್ಲ ಮಕ್ಕಳೂ ಶಾಲೆಯಲ್ಲೇ ಹಲ್ಲುಜ್ಜಬೇಕು ಎಂದು ಹೆಡ್‌ಮೇಡಂ ಮುಂದೆ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕನ್ನಡಕ ಕೆಳಗಿಳಿದರೆ ಮಾತು ಮುಗಿಯಿತು ಎಂದರ್ಥವಂತೆ. ನನಗೆ ಯಾರೂ ಹೇಳಿರಲಿಲ್ಲ.

"ಡಾಕ್ಟ್ರೇ, ಇರೋ ನಲ್ಲಿಗಳಲ್ಲಿ ಅರ್ಧಕ್ಕೆ ನೀರೇ ಬರಲ್ಲ. ಅಂಗಳ ಎಲ್ಲ ಕೆಸರಾಗತ್ತೆ. ಪಾಠಕ್ಕೆ ಹೊತ್ತಾಗತ್ತೆ. ಮನೇಲಿ ಉಜ್ಜಲಿ."

"ಮನೇಲಿ ಉಜ್ತಾ ಇದ್ದಿದ್ರೆ ನಾನಿಲ್ಲಿ ಬರ್ತಿರ್ಲಿಲ್ಲ ಮೇಡಂ."

"ಬಂದಿದ್ದೀರಲ್ಲ, ಪಾಠ ಮಾಡಿ. ಬೇಡ ಅಂದ್ನಾ?"

ನಲ್ಲಿ ರಿಪೇರಿ ನನ್ನ ಹೊಣೆ ಎಂದೆ. ಒಬ್ಬೊಬ್ಬರಿಗೆ ಒಂದೇ ಲೋಟ ನೀರು, ಉಗುಳುವುದು ಗಿಡಗಳ ಪಕ್ಕದ ಚರಂಡಿಗೆ, ಬೇಕಾದರೆ ನನ್ನ ಪಾಠದ ಹೊತ್ತನ್ನೇ ಕಡಿಮೆ ಮಾಡಿಕೊಳ್ಳಿ ಎಂದೆ. ಕೊನೆಗೆ, "ಒಂದು ವಾರ ನೋಡೋಣ. ಕೆಸರಾದ್ರೆ ನೀವೇ ಪೊರಕೆ ಹಿಡೀಬೇಕು" ಎಂದು ಕನ್ನಡಕ ಹಾಕಿಕೊಂಡರು. ಹಿಡಿದರಾಯಿತು, ಅದೂ ಕೈಗೆ ವ್ಯಾಯಾಮವೇ.

ಇನ್ನೊಂದು. ಊಟದ ಹೊತ್ತಿನಲ್ಲಿ ಬೀಗ ನನ್ನ ಕೋಣೆಯ ಬಾಗಿಲ ಹತ್ತಿರ ಕುಳಿತು ಅನ್ನವನ್ನು ಒಂದೇ ಪಕ್ಕದಲ್ಲಿ, ನಿಧಾನವಾಗಿ ಅಗಿಯುತ್ತಿದ್ದಳು. ನಾನು ಬ್ರಷ್‌ಗಳಿಗೆ ಚೀಟಿ ಅಂಟಿಸುತ್ತಿದ್ದೆ. ಬಲಗೈಯಿಂದ ಒಂದು ಬ್ರಷ್ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಅವಳು ಎದ್ದು ಬಂದು, ಅದನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಹಿಡಿಸಿದಳು. ಪಾಠ ಹೇಳಿಕೊಡುವವರ ಹಾಗೆ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, "ನನ್ನ ಕೈ ನೋಡಿದೆಯಲ್ಲ, ಈಗ ನಿನ್ನ ಬಾಯಿ ತೋರಿಸು" ಎಂದೆ.

ತೋರಿಸಿದಳು. ಅರ್ಧ ಮಾತ್ರ. ಮೇಲ್ದವಡೆಯ ಎಡಗಡೆ ಹಾಲುಹಲ್ಲೊಂದು ಕರಗಿ ಬೇರಷ್ಟೇ ಉಳಿದಿದೆ. ಒಸಡಿನಲ್ಲಿ ಕೀವಿನ ಗುಳ್ಳೆ. ಯಾವಾಗಿನಿಂದ ನೋವೋ ದೇವರೇ ಬಲ್ಲ. ಮಂದವಂತೆ. ಅಷ್ಟು ನೋವಿಟ್ಟುಕೊಂಡು ಮಗ್ಗಿ ಹೇಳಲು ನನ್ನ ಕೈಲೂ ಆಗುತ್ತಿರಲಿಲ್ಲ.

ಜುಲೈ 1, ಮಂಗಳವಾರ

ಮನೆಯವರನ್ನು ಕರೆತರಲು ಹೇಳಿಕಳಿಸಿದರೆ ಯಾರೂ ಬರಲಿಲ್ಲ. ಇವತ್ತು ಹುಡುಗಿಯ ಕೆನ್ನೆ ಊದಿತ್ತು. ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಮನೆಗೆ ಹೋದೆ. ಓಣಿಯ ಕೊನೆಯಲ್ಲಿ ಒಂದೇ ಕೋಣೆಯ ಮನೆ, ಬಾಗಿಲಿಗೆ ಅಡ್ಡಲಾಗಿ ಹೊಲಿಗೆ ಯಂತ್ರ. ಅದರ ಹಿಂದೆ ಅವಳ ಅಜ್ಜಿ. ಹುಡುಗಿಯ ಅಪ್ಪ ಅಮ್ಮ ಇಬ್ಬರೂ ದೂರದ ಕಟ್ಟಡದ ಕೆಲಸದಲ್ಲಿದ್ದಾರೆ. ಮಗುವಿನ ಹೊಣೆ ಅಜ್ಜಿಯದೇ.

ಕೀವು ಹೇಗೆ ಹರಡುತ್ತದೆ, ಹಾಲುಹಲ್ಲನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೆ, ಯಾಕೆ ಅದನ್ನು ಈಗಲೇ ಕೀಳಬೇಕು ಎಂದು ಅಚ್ಚುಕಟ್ಟಾಗಿ ಹೇಳಿದೆ. ಅಜ್ಜಿ ಪೆಡಲು ತುಳಿಯುವುದನ್ನು ನಿಲ್ಲಿಸಲೇ ಇಲ್ಲ.

"ಹಾಲುಹಲ್ಲು ತಾನೇ, ತಾನಾಗೇ ಬಿದ್ದೋಗತ್ತೆ. ಕೀಳೋದು ಗೀಳೋದು ನಮಗೆ ಬೇಡಮ್ಮ."

"ನೋವಿಂದ ಮಗು ಊಟಾನೇ ಮಾಡ್ತಿಲ್ಲ."

"ಅತ್ರೆ ಮಿಠಾಯಿ ಕೊಡ್ತೀನಿ. ಸುಮ್ಮನಾಗ್ತಾಳೆ."

ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅಜ್ಜಿ ದಾರ ಕಚ್ಚಿ ತುಂಡು ಮಾಡಿ, "ಹೊತ್ತಾಯ್ತು, ನಾಳೆ ಬಟ್ಟೆ ಕೊಡ್ಬೇಕು" ಎಂದಳು. ಎದ್ದು ಬಂದೆ.

ಜುಲೈ 2, ಬುಧವಾರ

ಹುಡುಗಿ ಶಾಲೆಗೆ ಬರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ತಂಗಿಗೆ ಹೇಳಿದೆ. ಎರಡು ಸಲ ಬಿಡಿಸಿ ಹೇಳಿದರೂ ಆ ಮುದುಕಿಗೆ ಅರ್ಥವಾಗಲಿಲ್ಲ ಎಂದೆ. "ನೀನು ಎರಡು ಸಲ ಹೇಳ್ದೆ. ಅವರು ಎಷ್ಟು ಸಲ ಹೇಳಿದ್ರು?" ಎಂದು ಕೇಳಿದಳು. ಏನನ್ನು ಎಂದೆ. "ಅದೇ, ಯಾಕೆ ಬೇಡ ಅಂತ." ಎದ್ದು ಹೋಗಿ ಕೈ ತೊಳೆದೆ.

ಜುಲೈ 3, ಗುರುವಾರ

ಬೆಳಿಗ್ಗೆಯೇ ಓಣಿಗೆ ಹೋದೆ. ಮಗು ಚಾಪೆಯ ಮೇಲೆ ಮಲಗಿತ್ತು. ಊತ ಕಣ್ಣಿನ ಕೆಳಗಿನವರೆಗೂ ಏರಿದೆ. ಮೈ ಬಿಸಿ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಅಜ್ಜಿಗೂ ಭಯ ಹತ್ತಿದೆ.

ಈ ಸಲ ಪಾಠ ಒಪ್ಪಿಸಲಿಲ್ಲ. ಹೊಸ್ತಿಲ ಮೇಲೆ ಕುಳಿತು, "ಅಜ್ಜಿ, ಹಲ್ಲು ಕೀಳೋದು ಅಂದ್ರೆ ನಿಮಗೆ ಯಾಕಿಷ್ಟು ಹೆದರಿಕೆ?" ಎಂದು ಕೇಳಿದೆ. ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ ಹೇಳಿದಳು. ಗಂಡನಿಗೆ ಹಲ್ಲುನೋವು. ಸಂತೆಯಲ್ಲಿ ಕೂತು ಹಲ್ಲು ಕೀಳುವವನೊಬ್ಬನಿದ್ದ. "ಹಲ್ಲು ಕೀಳಿಸ್ಕೊಂಡು ಬರ್ತೀನಿ, ಸಾರು ಬಿಸಿ ಇಟ್ಟಿರು ಅಂತ ಹೇಳಿ ಹೋದ್ರು. ಬಾಯಿ ತುಂಬ ರಕ್ತ ಇಟ್ಕೊಂಡು ಬಂದ್ರು. ನಿಲ್ಲಲೇ ಇಲ್ಲ. ಮುಖ ಊದ್ತು, ಜ್ವರ ಬಂತು. ಆಸ್ಪತ್ರೆಗೆ ಒಯ್ಯೋವಷ್ಟರಲ್ಲಿ ಉಸಿರೇ ನಿಂತಿತ್ತು. ಇವಳಪ್ಪ ಆಗ ಇವಳಷ್ಟೇ ಇದ್ದ."

ಹಾಗಾಗಬಾರದಿತ್ತು ಎಂದೆ. ಆಮೇಲೆ, ಈಗ ಇವಳ ಮುಖ ಊದಿರುವುದೂ ಅಂಥದ್ದೇ ಕೀವಿನಿಂದ, ಬಿಟ್ಟರೆ ಅಪಾಯ, ತೆಗೆದರೆ ಅಲ್ಲ ಎಂದೆ. ಅವಳು ಮೊಮ್ಮಗಳ ಹಣೆ ಸವರುತ್ತಾ, "ಇವಳು ನಿಮ್ಮೊಬ್ಬರಿಗೇ ಬಾಯಿ ತೆರೆದಿದ್ದು ಅಂತ ಗೊತ್ತು ನನಗೆ. ಬೇರೆ ಯಾರೂ ಮುಟ್ಟೋದು ಬೇಡ. ನಿಮ್ಮ ಕೈಯ್ಯಾರೆ ನೀವೇ ಕೀಳೋದಾದ್ರೆ ಕರ್ಕೊಂಡು ಬರ್ತೀನಿ ಡಾಕ್ಟ್ರಮ್ಮ" ಎಂದಳು.

ಆಗಲಿ ಎಂದುಬಿಟ್ಟೆ.

ತಂಗಿಗೆ ಫೋನ್ ಮಾಡಿ ಔಷಧಿ ತರಿಸಿ, ಮೊದಲ ಗುಟುಕನ್ನು ನಾನೇ ಕುಡಿಸಿ ಬಂದೆ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಬರುತ್ತಾರೆ.

ಸಂಜೆ ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದಾಗ ಪಾಠಕ್ಕೆ ಬಳಸುವ ಪ್ಲಾಸ್ಟಿಕ್ ದವಡೆಯನ್ನು ಮೇಜಿಗೆ ಬಿಗಿದು, ಇಕ್ಕಳ ಹಿಡಿದೆ. ಹಿಡಿಯಬಲ್ಲೆ. ಒತ್ತಿ ತಿರುಗಿಸಿದರೆ ಹೆಬ್ಬೆರಳು ಕೈಕೊಡುತ್ತದೆ. ಮತ್ತೆ ಹಿಡಿದೆ. ಇಕ್ಕಳ ಜಾರಿ ಪಕ್ಕದ ಹಲ್ಲಿಗೆ ಬಡಿಯಿತು. ಮತ್ತೆ, ಮತ್ತೆ. ಒಂದು ಸಲ ಸರಿಯಾಗಿಯೇ ಬಂತು. ಆ ಒಂದು ಸಲವನ್ನೇ ನಂಬಿಕೊಂಡು ನಾಳೆ ನಿಲ್ಲಬಹುದು ಅನ್ನಿಸಿತು. ತಿರುಗಿ ನೋಡಿದರೆ ತಂಗಿ ಬಾಗಿಲಲ್ಲಿ ನಿಂತಿದ್ದಾಳೆ. ನೆಲಕ್ಕೆ ಬಿದ್ದಿದ್ದ ಪ್ಲಾಸ್ಟಿಕ್ ಹಲ್ಲನ್ನು ಎತ್ತಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 4, ಶುಕ್ರವಾರ

ಅಜ್ಜಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮಗು ಅವಳ ಹೆಗಲ ಮೇಲೆ. ಜ್ವರ ಇಳಿದಿತ್ತು, ಊತ ಹಾಗೇ ಇತ್ತು. ತಂಗಿ ಎಲ್ಲ ಸಿದ್ಧ ಮಾಡಿಟ್ಟು, ಎರಡು ಜೊತೆ ಗ್ಲೌಸ್ ಇಟ್ಟು, ಗೋಡೆಯ ಪಕ್ಕ ನಿಂತಿದ್ದಳು. ತೀರ್ಮಾನ ನನಗೇ ಬಿಟ್ಟದ್ದು.

ಗ್ಲೌಸ್ ಹಾಕಿಕೊಳ್ಳಲಿಲ್ಲ. ಅಜ್ಜಿಯ ಮುಂದೆ ಬಲಗೈ ಚಾಚಿದೆ. "ಅಜ್ಜಿ, ನಿನ್ನೆ ನಾನೇ ಕೀಳ್ತೀನಿ ಅಂದೆ. ನನ್ನ ಕೈಲಿ ಆಗಲ್ಲ. ಕೈ ಮುರಿದಿತ್ತು, ಇನ್ನೂ ಹಿಡಿತ ಬಂದಿಲ್ಲ. ಜಾರಿದ್ರೆ ಮಗೂಗೆ ಪೆಟ್ಟಾಗತ್ತೆ. ಇವಳು ನನ್ನ ತಂಗಿ. ಇವಳು ಕೀಳ್ತಾಳೆ. ನಾನು ಮಗು ತಲೆ ಹಿಡ್ಕೊಂಡಿರ್ತೀನಿ."

ಬಿದ್ದಾಗಿನಿಂದ ಯಾರಿಗೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಹೊಳೆದದ್ದು ಒಂದೇ: ಅಜ್ಜಿ ಈಗ ಮಗುವನ್ನು ಎತ್ತಿಕೊಂಡು ಹೊರಟುಬಿಟ್ಟರೆ ಓಣಿಯವರೆಗೂ ಹಿಂದೆ ಹೋಗಬೇಕು, ಕಾಲು ಹಿಡಿದಾದರೂ ಕರೆತರಬೇಕು.

ಅಜ್ಜಿ ನನ್ನ ಕೈಯನ್ನು ತಿರುಗಿಸಿ ಎರಡೂ ಕಡೆ ನೋಡಿದಳು. ಆಮೇಲೆ ತಂಗಿಯನ್ನು ನೋಡಿ, "ನಿಮ್ಮಕ್ಕನ ಹಲ್ಲು ಕಿತ್ತಿದ್ದೀಯಾ ನೀನು?" ಎಂದು ಕೇಳಿದಳು.

"ಕಿತ್ತಿದ್ದೀನಿ ಅಜ್ಜಿ. ಬುದ್ಧಿಹಲ್ಲು."

"ಆಮೇಲೆ?"

"ಹಲ್ಲಿನ ಜೊತೆ ಬುದ್ಧಿನೂ ಹೋಯ್ತು. ಅದು ಬಿಟ್ರೆ ಚೆನ್ನಾಗಿದ್ದಾಳೆ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಆಯ್ತು, ಮಾಡಿ" ಎಂದಳು.

ಮಗು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕುರ್ಚಿಯಲ್ಲಿ ಕೂರಿಸಿದ್ದೇ ತಂಗಿಯ ಹೊಟ್ಟೆಗೆ ಒದ್ದಳು. ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಕೀವಿದ್ದ ಕಡೆ ಮರಗಟ್ಟಿಸುವ ಮದ್ದು ಸರಿಯಾಗಿ ನಾಟುವುದಿಲ್ಲ. ತಂಗಿ ಅವಸರ ಮಾಡದೆ ಎರಡನೇ ಸಲ ಕೊಟ್ಟು ಕಾದಳು. ನಾನು ಹಿಂದೆ ನಿಂತು ತಲೆಯನ್ನು ಎದೆಗೆ ಒರಗಿಸಿಕೊಂಡು, ಕಿವಿಯಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅಮ್ಮನ ಹಲ್ಲುಸೆಟ್ಟು ಒಮ್ಮೆ ಬಕೆಟ್ಟಿಗೆ ಬಿದ್ದ ಕಥೆ, ನಾನು ಸ್ಕೂಟರಿನಿಂದ ಬಿದ್ದು ಚರಂಡಿಯಲ್ಲಿ ಕೂತು ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ ಕಥೆ. ಚಪ್ಪಲಿ ಸಿಗ್ತಾ ಎಂಬಂತೆ ಕಣ್ಣು ಮೇಲೆತ್ತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಹಲ್ಲು ಈಚೆ ಬಂದಿತ್ತು.

ಅಜ್ಜಿ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, "ಇಷ್ಟೇ ಇಷ್ಟು" ಎಂದಳು. ರಕ್ತ ನಿಂತದ್ದನ್ನು ತಾನೇ ಇಣುಕಿ ನೋಡುವವರೆಗೂ ಏಳಲಿಲ್ಲ. ನಾವೂ ಏಳಿಸಲಿಲ್ಲ.

ಜುಲೈ 5, ಶನಿವಾರ

ಓಣಿಗೆ ಹೋಗಿ ಬಂದೆ. ಊತ ಇಳಿಯುತ್ತಿದೆ. ಮಗು ಗಂಜಿ ಕುಡಿದು ಇನ್ನೂ ಬೇಕೆಂದಳಂತೆ. ನಾನು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ.

ಜುಲೈ 21, ಸೋಮವಾರ

ಬಹಳ ದಿನ ಬರೆಯಲಾಗಲಿಲ್ಲ. ಪುರಸೊತ್ತಿಲ್ಲ.

ನಲ್ಲಿಗಳೆಲ್ಲ ಸರಿಹೋಗಿವೆ. ಕೊಳಾಯಿ ರಿಪೇರಿಯವನ ಹಿಂದೆ ಬಿದ್ದು ಬಿದ್ದು ಅವನು ನನ್ನನ್ನು ಕಂಡರೆ ಬೇರೆ ಬೀದಿ ಹಿಡಿಯುವಷ್ಟಾಗಿತ್ತು. ಅವನ ಮಗ ನಮ್ಮ ಶಾಲೆಯಲ್ಲೇ ನಾಲ್ಕನೇ ತರಗತಿಯಲ್ಲಿದ್ದಾನೆ ಎಂದು ತಿಳಿದ ಮೇಲೆ ಕೆಲಸ ಹಗುರಾಯಿತು. ಹುಡುಗನಿಗೆ ಹೇಳಿದೆ, ಹುಡುಗ ಅಪ್ಪನ ಜೀವ ತಿಂದ. ಊಟದ ನಂತರ ಈಗ ತರಗತಿ ತರಗತಿಯೇ ಸಾಲಾಗಿ ಬರುತ್ತದೆ, ಬಟಾಣಿ ಕಾಳಿನಷ್ಟು ಪೇಸ್ಟು, ಒಂದು ಲೋಟ ನೀರು. ಮೊದಲ ವಾರ ಕೆಸರಾಯಿತು. ಪೊರಕೆ ಹಿಡಿದೆ. ಎರಡನೇ ದಿನ ಹೆಡ್‌ಮೇಡಂ ತಾವೂ ಒಂದು ಪೊರಕೆ ತಂದು ಪಕ್ಕದಲ್ಲಿ ಗುಡಿಸಿದರು. ಆ ಒಂದು ವಾರದ ಗಡುವಿನ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಬೀಗ ಮರಳಿ ಬಂದಿದ್ದಾಳೆ. ಆ ಹೆಸರು ಈಗ ಅವಳಿಗೆ ಹೊಂದುವುದಿಲ್ಲ. ಗಡಸು ದನಿ, ಅದೂ ದೊಡ್ಡದು. ಮಗ್ಗಿ ಹೇಳುತ್ತಾಳೆ, ಪಕ್ಕದವಳ ಮಗ್ಗಿಯನ್ನೂ ತಾನೇ ಹೇಳುತ್ತಾಳೆ. ಇವತ್ತು ತರಗತಿಯ ಟೀಚರು ನನ್ನ ಕೋಣೆಗೆ ಬಂದು, "ಡಾಕ್ಟ್ರೇ, ಅವಳ ಬಾಯಿ ತೆರೆಸಿದ್ದು ನೀವು. ಮುಚ್ಚಿಸೋದು ಯಾರು?" ಎಂದರು. ನನ್ನ ಓದಿನಲ್ಲಿ ಅದಕ್ಕೆ ಚಿಕಿತ್ಸೆ ಇಲ್ಲ ಎಂದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಮಂದ ಅಂದಿದ್ದೆ ನಾನು" ಎಂದರು. ಅವರಿಗೆ ಟೀ ತರಿಸಿದೆ.

ಪರೀಕ್ಷೆ ಮಾಡಿದ ಮಕ್ಕಳಲ್ಲಿ ಹುಳುಕು ಹಲ್ಲು ತುಂಬಿಸಬೇಕಾದವರು ಬಹಳ ಇದ್ದಾರೆ. ಶನಿವಾರ ಮಧ್ಯಾಹ್ನ ಕ್ಲಿನಿಕ್ಕನ್ನು ಶಾಲೆಯ ಮಕ್ಕಳಿಗೇ ಬಿಟ್ಟುಕೊಡು ಎಂದು ತಂಗಿಯನ್ನು ಕೇಳಿದೆ. "ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?" ಎಂದಳು. ಹೇಳುತ್ತಿದ್ದೇನೆ ಎಂದೆ.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ, ತಂಗಿ ಪಕ್ಕದಲ್ಲಿ ನಿಂತಿರಲು, ಅಲ್ಲಾಡುತ್ತಿದ್ದ ಒಂದು ಹಲ್ಲನ್ನು ಕಿತ್ತೆ. ಕೈ ನಿಂತಿತು. ಇನ್ನು ಬೆಳಗಿನ ಹೊತ್ತು ಸ್ವಲ್ಪ ಸ್ವಲ್ಪ ಶುರು ಮಾಡಬಹುದು ಎಂದಳು. ಮಧ್ಯಾಹ್ನ ಮಾತ್ರ ಸಾಧ್ಯವಿಲ್ಲ ಎಂದು ಹೇಳಿ ಶಾಲೆಗೆ ಓಡಿದೆ, ಆಗಲೇ ತಡವಾಗಿತ್ತು.

ಒಂದನೇ ತರಗತಿಗೆ ಹೊಸ ಮಗುವೊಂದು ಸೇರಿದೆ. ಎರಡು ಜಡೆಯ, ಕಡ್ಡಿಯಂಥ ಹುಡುಗಿ. ಎಲ್ಲರೂ ನಲ್ಲಿಯ ಹತ್ತಿರ ಸಾಲು ನಿಂತಿದ್ದರೆ ಅವಳು ಗೋಡೆಗೆ ಬೆನ್ನು ಒತ್ತಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಟೀಚರು ಕರೆದರೂ ಇಲ್ಲ, ಹೆಡ್‌ಮೇಡಂ ಕರೆದರೂ ಇಲ್ಲ. ನನ್ನ ಬಿಳಿ ಕೋಟು ಕಂಡು ಇನ್ನಷ್ಟು ಗೋಡೆಗೆ ಅಂಟಿದಳು. ಕೋಟು ಬಿಚ್ಚಿ ಕಿಟಕಿಯ ಮೇಲೆಸೆದು ಅವಳ ಕಡೆ ಹೊರಟೆ. ಅಷ್ಟರಲ್ಲಿ ಎರಡನೇ ತರಗತಿಯ ಸಾಲಿನಿಂದ ಹಿಂದೆ ಬೀಗವಾಗಿದ್ದ ನಮ್ಮ ಬಾಯಿಬಡುಕಿ ಲೋಟ ಹಿಡಿದುಕೊಂಡೇ ಓಡಿಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ನೋವಾ?"

ಆ ಮಗು ತಲೆಯಾಡಿಸಿತು.

"ನಂಗೂ ಆಗ್ತಿತ್ತು. ನೋಡಿಲ್ಲಿ." ಬಾಯನ್ನು ಅಗಲಕ್ಕೆ ತೆರೆದು, ಬೆರಳಿನಿಂದ ಕೆನ್ನೆ ಎಳೆದು, ಖಾಲಿ ಜಾಗ ತೋರಿಸಿದಳು. "ಇಲ್ಲಿತ್ತು. ಇಷ್ಟುದ್ದ ಇತ್ತು." ಕೈಯಲ್ಲಿ ತೋರಿಸಿದ ಅಳತೆ ಮೊಳದ ಹತ್ತಿರ ಬಂತು. "ಹಲ್ಲು ಮಿಸ್ ತಂಗಿ ಇದ್ದಾರಲ್ಲ, ಅವರು ಕಿತ್ರು. ಹಲ್ಲು ಮಿಸ್ ಹಿಂದೆ ನಿಂತು ಕಥೆ ಹೇಳ್ತಾರೆ. ನಾನು ಒಂಚೂರೂ ಅಳ್ಲಿಲ್ಲ, ಗೊತ್ತಾ? ಬೇಕಾದ್ರೆ ಮಿಸ್‌ನೇ ಕೇಳು."

ಹೊಸ ಮಗು ಮೊದಲ ಸಲ ಒಂದು ಕೈಯನ್ನು ಬಾಯಿಂದ ತೆಗೆದು, ತಲೆಯೆತ್ತಿ ನನ್ನನ್ನು ನೋಡಿತು. ಬಾಯಿಬಡುಕಿಯೂ ನೋಡಿದಳು. ತಂಗಿಯ ಹೊಟ್ಟೆಯ ಮೇಲೆ ಒಂದು ವಾರ ಇದ್ದ ನೀಲಿ ಗುರುತು ನನಗೆ ಗೊತ್ತು.

ಇಬ್ಬರ ಎದುರೂ ನೆಲದ ಮೇಲೆ ಕೂತೆ. "ಒಂಚೂರೂ ಅಳ್ಲಿಲ್ಲ" ಎಂದೆ.